ಸರಳತೆ, ನಿಯಂತ್ರಣ ಮತ್ತು ಉಳಿಯುವ ದಾಖಲೆ: ಅಕ್ಷರಜೋಡಣೆಯ ತಂತ್ರಾಂಶಗಳ ಇತಿಹಾಸಕ್ಕೊಂದು ಭಾಷಾವೈಜ್ಞಾನಿಕ ಪ್ರವೇಶ

ಸಾರಾಂಶ

ಅಕ್ಷರಜೋಡಣೆಯ ತಂತ್ರಾಂಶಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ‘ಬಳಕೆಯ ಸರಳತೆ’ ಮತ್ತು ‘ಬಳಸುವವರ ನಿಯಂತ್ರಣ’ ಎಂಬ ಎರಡು ತುದಿಗಳ ನಡುವೆ ನಡೆಯುತ್ತದೆ. 1964ರಿಂದ ಈಚಿನ ಮುಖ್ಯ ವ್ಯವಸ್ಥೆಗಳನ್ನು ಪರಿಶೀಲಿಸಿ, ಈ ವಿರೋಧವು ಇತಿಹಾಸದ ಸಂಗತಿಗಳನ್ನು ಸಮರ್ಪಕವಾಗಿ ವಿವರಿಸುವುದಿಲ್ಲವೆಂದು ಪ್ರಸ್ತುತ ಲೇಖನದಲ್ಲಿ ವಾದಿಸುತ್ತೇವೆ. ಸರಳತೆಯೆಂದರೆ ಕೆಲವು ತೀರ್ಮಾನಗಳನ್ನು ಬೇರೆಯವರಿಗೆ ಒಪ್ಪಿಸುವುದು. ಭಾಷಾವಿಜ್ಞಾನಿಗೆ ಮುಖ್ಯವಾಗುವುದು ಆ ತೀರ್ಮಾನಗಳು ಕಡತದಲ್ಲಿ ದಾಖಲಾಗಿ ಉಳಿಯುತ್ತವೆಯೆ ಎಂಬ ಪ್ರಶ್ನೆ. ಗ್ಲಾಸ್ ಸಹಿತ ಉದಾಹರಣೆಗಳು ಮತ್ತು ಕನ್ನಡದ ಫಾಂಟ್ ಸಂಕೇತಗಳು ಎಂಬ ಎರಡು ಪ್ರಸಂಗಗಳ ಮೂಲಕ ಈ ವಾದವನ್ನು ಮಂಡಿಸಲಾಗಿದೆ.

1. ಪ್ರಶ್ನೆಯ ನೆಲೆ

ಅಚ್ಚುಮೊಳೆಗಳ ಕಾಲದಲ್ಲಿ ಪುಸ್ತಕದ ಒಂದು ಪುಟ ಸಿದ್ಧವಾಗಲು ಕನಿಷ್ಠ ಮೂವರ ಕೆಲಸ ಕೂಡಬೇಕಾಗುತ್ತಿತ್ತು. ಲೇಖಕರು ಹಸ್ತಪ್ರತಿಯನ್ನು ಒದಗಿಸುತ್ತಿದ್ದರು. ಸಂಪಾದಕರು ಅದರ ಅಂಚಿನಲ್ಲಿ ಇದು ಅಧ್ಯಾಯದ ಶೀರ್ಷಿಕೆ, ಇದು ಉದಾಹರಣೆ, ಇದು ಅಡಿಟಿಪ್ಪಣಿ ಎಂದು ಗುರುತು ಹಾಕುತ್ತಿದ್ದರು. ಮೊಳೆ ಜೋಡಿಸುವವರು ಆ ಗುರುತುಗಳನ್ನು ಓದಿ ಅಕ್ಷರದ ಗಾತ್ರ, ಸಾಲಿನ ಅಂತರ, ಅಂಚಿನ ಅಳತೆಗಳನ್ನು ನಿರ್ಧರಿಸುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಈ ಮೂರು ಪಾತ್ರಗಳು ಬಹುಮಟ್ಟಿಗೆ ಒಬ್ಬರೇ ಲೇಖಕರ ಮೇಜಿಗೆ ಬಂದು ಸೇರಿದವು. ಹೀಗೆ ಸೇರಿದಾಗ ಯಾವ ತೀರ್ಮಾನವನ್ನು ಲೇಖಕರು ಮಾಡಬೇಕು, ಯಾವುದನ್ನು ತಂತ್ರಾಂಶಕ್ಕೆ ಬಿಡಬೇಕು ಎಂಬ ಪ್ರಶ್ನೆ ಹುಟ್ಟಿತು. ಸರಳತೆ ಮತ್ತು ನಿಯಂತ್ರಣ ಎಂಬ ಜೋಡಿ ಈ ಪ್ರಶ್ನೆಯ ಸಂಕ್ಷಿಪ್ತ ರೂಪವಷ್ಟೆ.

ಚರ್ಚೆಯ ಸ್ಪಷ್ಟತೆಗಾಗಿ ನಾವು ಮೂರು ಬಗೆಯ ತೀರ್ಮಾನಗಳನ್ನು ಬೇರ್ಪಡಿಸಿಕೊಳ್ಳುತ್ತೇವೆ. ಪಠ್ಯದ ಒಂದು ಭಾಗ ಏನು ಎಂಬುದು ರಚನೆಯ ತೀರ್ಮಾನ. ಅದು ಪುಟದ ಮೇಲೆ ಹೇಗೆ ಕಾಣಬೇಕು ಎಂಬುದು ರೂಪದ ತೀರ್ಮಾನ. ಅದರ ಅಕ್ಷರಗಳು ಕಡತದಲ್ಲಿ ಯಾವ ಸಂಖ್ಯೆಗಳಾಗಿ ಶೇಖರವಾಗಬೇಕು ಎಂಬುದು ಸಂಕೇತದ ತೀರ್ಮಾನ. ‘ಈ ತಂತ್ರಾಂಶ ಸುಲಭ, ಆ ತಂತ್ರಾಂಶದಲ್ಲಿ ಹಿಡಿತ ಹೆಚ್ಚು’ ಎನ್ನುವಾಗ ಈ ಮೂರರಲ್ಲಿ ಯಾವುದನ್ನು ಕುರಿತು ಮಾತನಾಡುತ್ತಿದ್ದೇವೆ ಎಂಬುದು ಸಾಮಾನ್ಯವಾಗಿ ಅಸ್ಪಷ್ಟವಾಗಿಯೇ ಉಳಿಯುತ್ತದೆ.

2. ಚುಕ್ಕಿಯ ಆದೇಶಗಳಿಂದ ಟೆಕ್‌ವರೆಗೆ

1964ರಲ್ಲಿ ಎಂ.ಐ.ಟಿ.ಯ ಜೆರೋಮ್ ಸಾಲ್ಟ್ಜರ್ ಅವರು ರೂಪಿಸಿದ ರನ್ಆಫ್ ಈ ಪರಂಪರೆಯ ಮೊದಲ ಹೆಜ್ಜೆಗಳಲ್ಲೊಂದು. ಚುಕ್ಕಿಯಿಂದ ಆರಂಭವಾಗುವ ಸಾಲನ್ನು ಅದು ಆದೇಶವೆಂದೂ ಉಳಿದುದನ್ನು ಪಠ್ಯವೆಂದೂ ಗ್ರಹಿಸುತ್ತಿತ್ತು. ಅಂಚಿನ ಗುರುತು ಈಗ ಪಠ್ಯದೊಳಕ್ಕೇ ಬಂದಿತು. ಬೆಲ್ ಪ್ರಯೋಗಾಲಯದಲ್ಲಿ ಇದೇ ಮಾದರಿಯಿಂದ ರಾಫ್ ಬೆಳೆಯಿತು. ಯುನಿಕ್ಸ್‌ನ ಆರಂಭದ ಬಳಕೆದಾರರು ಅಲ್ಲಿನ ಪೇಟೆಂಟ್ ವಿಭಾಗದ ಬೆರಳಚ್ಚುಗಾರರೇ ಆಗಿದ್ದರು. 1970ರ ದಶಕದ ಮೊದಲ ಭಾಗದಲ್ಲಿ ಜೋ ಒಸ್ಸಾನಾ ಅವರು ಛಾಯಾಕ್ಷರಜೋಡಣೆಯ ಯಂತ್ರಕ್ಕಾಗಿ ಟ್ರಾಫ್ ಬರೆದರು. ಟ್ರಾಫ್‌ನ ಆದೇಶಗಳು ಚುಟುಕಾದವು, ಬಹುಮಟ್ಟಿಗೆ ಎರಡಕ್ಷರದವು. ಅವು ಹೇಳುತ್ತಿದ್ದುದು ರೂಪವನ್ನು: ಇಷ್ಟು ಜಾಗ ಬಿಡು, ಇಷ್ಟು ಒಳಸರಿಸು, ಈ ಗಾತ್ರಕ್ಕೆ ಬದಲಾಯಿಸು.

ಈ ಹಂತದ ಅತ್ಯಂತ ಸ್ವಾರಸ್ಯಕರ ಪ್ರಯೋಗ ಬ್ರಯನ್ ಕೆರ್ನಿಘನ್ ಮತ್ತು ಲೊರಿಂಡಾ ಚೆರ್ರಿ ಅವರು 1975ರಲ್ಲಿ ಪ್ರಕಟವಾಗಿ ವಿವರಿಸಿದ, ಗಣಿತ ಸಮೀಕರಣಗಳಿಗಾಗಿ ರೂಪಿಸಿದ ಇಕ್ಯೂಎನ್. ಗಣಿತವನ್ನಾಗಲಿ ಅಕ್ಷರಜೋಡಣೆಯನ್ನಾಗಲಿ ತಿಳಿಯದ ಬೆರಳಚ್ಚುಗಾರರೂ ಇದನ್ನು ಬೇಗ ಕಲಿಯುವಂತಿರಬೇಕು ಎಂಬುದು ಅವರ ಘೋಷಿತ ಉದ್ದೇಶ. ಅದಕ್ಕಾಗಿ ಅವರು ಆರಿಸಿಕೊಂಡ ದಾರಿ ಭಾಷಾವಿಜ್ಞಾನಿಗಳ ಗಮನಕ್ಕೆ ಯೋಗ್ಯವಾದುದು. ಸಮೀಕರಣವನ್ನು ಬಾಯಿಬಿಟ್ಟು ಓದುವ ಕ್ರಮಕ್ಕೆ ಸಮೀಪವಾದ ಒಂದು ಪುಟ್ಟ ಭಾಷೆಯನ್ನು ರಚಿಸಿ, ಅದಕ್ಕೆ ಔಪಚಾರಿಕ ವ್ಯಾಕರಣವೊಂದನ್ನು ಬರೆದು, ಆ ವ್ಯಾಕರಣದಿಂದಲೇ ವಾಕ್ಯವಿಶ್ಲೇಷಕವನ್ನು ಯಾಂತ್ರಿಕವಾಗಿ ಪಡೆದರು. ಭಿನ್ನರಾಶಿಯ ಮೇಲ್ಭಾಗ ಎಷ್ಟು ಎತ್ತರದಲ್ಲಿರಬೇಕೆಂದು ಬರೆಯುವವರು ಹೇಳಬೇಕಾಗಿರಲಿಲ್ಲ. ಯಾವುದು ಯಾವುದರ ಮೇಲೆ ಎಂದು ಹೇಳಿದರೆ ಸಾಕಾಗಿತ್ತು. ಇಲ್ಲಿ ಸರಳತೆ ಬಂದುದು ರಚನೆಯನ್ನು ಹೆಸರಿಸಿದ್ದರಿಂದ. ತೆರೆಯ ಮೇಲೆ ಚಿತ್ರ ಕಾಣದಿದ್ದರೂ ವ್ಯವಸ್ಥೆ ಸುಲಭವಾಗಿರಬಹುದೆಂಬುದಕ್ಕೆ ಇದು ಸಾಕ್ಷಿ.

ಡೊನಾಲ್ಡ್ ಕನೂತ್ ಅವರ ಪ್ರೇರಣೆ ಬೇರೆಯದು. ತಮ್ಮ ಗಣಕವಿಜ್ಞಾನ ಗ್ರಂಥಮಾಲೆಯ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು 1977ರಲ್ಲಿ ಕೈಗೆ ಬಂದಾಗ, ಲೋಹದ ಮೊಳೆಗಳಲ್ಲಿದ್ದ ಸೊಗಸು ಹೊಸ ಛಾಯಾತಂತ್ರದಲ್ಲಿ ಇಲ್ಲವೆಂದು ಅವರಿಗೆ ಕಂಡಿತು. ಆ ವರ್ಷವೇ ಟೆಕ್ ವಿನ್ಯಾಸ ಆರಂಭವಾಯಿತು. 1982ರಲ್ಲಿ ಅದನ್ನು ಪೂರ್ಣವಾಗಿ ಮರುಬರೆಯಲಾಯಿತು. ಮೈಕೆಲ್ ಪ್ಲಾಸ್ ಅವರೊಂದಿಗೆ ಕನೂತ್ 1981ರಲ್ಲಿ ಪ್ರಕಟಿಸಿದ ಸಾಲು ಮುರಿಯುವ ವಿಧಾನವು ಒಂದೊಂದು ಸಾಲನ್ನು ಪ್ರತ್ಯೇಕವಾಗಿ ನೋಡದೆ ಇಡೀ ಪರಿಚ್ಛೇದವನ್ನು ಒಟ್ಟಾಗಿ ತೂಗುತ್ತದೆ. ಕೊನೆಯ ಸಾಲಿನ ಒಂದು ಪದ ಬದಲಾದರೆ ಮೊದಲ ಸಾಲೂ ಬೇರೆ ಕಡೆ ಮುರಿಯಬಹುದು. ಒತ್ತಿದ ಪ್ರತಿ ಕೀಲಿಗೂ ಪುಟವನ್ನು ಹೊಸದಾಗಿ ತೋರಿಸಬೇಕಾದ ಅಂದಿನ ತಂತ್ರಾಂಶಗಳಿಗೆ ಈ ವಿಧಾನ ಒಗ್ಗುವಂತಿರಲಿಲ್ಲ. ಟೆಕ್‌ನಲ್ಲಿ ಬರೆಯುವುದೂ ಪುಟ ನೋಡುವುದೂ ಬೇರೆಬೇರೆ ಕ್ರಿಯೆಗಳಾಗಿ ಉಳಿದುದಕ್ಕೆ ಇಂಥ ಲೆಕ್ಕಾಚಾರದ ಭಾರವೂ ಒಂದು ಕಾರಣ. ಅದೇ ತತ್ತ್ವದ ಪರಿಚ್ಛೇದ ಜೋಡಣೆ ದೃಶ್ಯ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಬಂದುದು ಇದಾದ ಸುಮಾರು ಎರಡು ದಶಕಗಳ ಬಳಿಕ.

3. ಹೆಸರಿಡುವ ವ್ಯವಸ್ಥೆಗಳು

1980ರಲ್ಲಿ ಬ್ರಯನ್ ರೀಡ್ ಅವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯ ಸ್ಕ್ರೈಬ್ ಎಂಬ ವ್ಯವಸ್ಥೆ. ಅದರಲ್ಲಿ ಲೇಖಕರು ‘ಇದು ಶೀರ್ಷಿಕೆ’, ‘ಇದು ಉದ್ಧರಣೆ’ ಎಂದು ಮಾತ್ರ ಹೇಳುತ್ತಾರೆ. ರೂಪದ ತೀರ್ಮಾನಗಳು ಪ್ರತ್ಯೇಕವಾದ ವಿನ್ಯಾಸ ಕಡತಗಳಲ್ಲಿರುತ್ತವೆ. ಅಚ್ಚುಕೂಟದ ಹಳೆಯ ಶ್ರಮವಿಭಜನೆ ಹೀಗೆ ತಂತ್ರಾಂಶದೊಳಗೆ ಪುನಃಸ್ಥಾಪಿತವಾಯಿತು.

ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದ ಆರಂಭದಲ್ಲಿ ಟೆಕ್ ಮೇಲೆ ಕಟ್ಟಿದ ಲಾಟೆಕ್ ಸ್ಕ್ರೈಬ್‌ನ ಈ ವಿಚಾರಕ್ಕೆ ಋಣಿಯಾಗಿದೆ. 1986ರ ಅವರ ಕೈಪಿಡಿ ತಾರ್ಕಿಕ ವಿನ್ಯಾಸವನ್ನು ದೃಶ್ಯ ವಿನ್ಯಾಸದಿಂದ ಬೇರ್ಪಡಿಸಿ, ಲೇಖಕರ ಗಮನ ಮೊದಲನೆಯದರ ಮೇಲಿರಬೇಕೆಂದು ಪ್ರತಿಪಾದಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂದು ‘ಕಷ್ಟ, ಆದರೆ ಪೂರ್ಣ ಹಿಡಿತ’ ಎಂಬ ತುದಿಗೆ ಉದಾಹರಣೆಯಾಗಿ ಕೊಡಲಾಗುವ ಲಾಟೆಕ್ ಹುಟ್ಟಿದ್ದು ಸರಳತೆಯ ಪಕ್ಷದಲ್ಲಿ. ಟೆಕ್ ಕೊಟ್ಟಿದ್ದ ನಿಯಂತ್ರಣದ ಬಹುಭಾಗವನ್ನು ಲೇಖಕರಿಂದ ಹಿಂತೆಗೆದುಕೊಂಡು ವಿನ್ಯಾಸಕಾರರು ಬರೆದ ಶೈಲಿ ಕಡತಗಳಿಗೆ ಒಪ್ಪಿಸಿದ್ದೇ ಅದರ ಸಾಧನೆ. ಚಿತ್ರವನ್ನು ತನಗೆ ಬೇಕಾದ ಕಡೆ ನಿಲ್ಲಿಸಲಾರದೆ ಪರದಾಡುವ ಸಂಶೋಧನ ವಿದ್ಯಾರ್ಥಿ ಎದುರಿಸುತ್ತಿರುವುದು ನಿಯಂತ್ರಣದ ಅತಿರೇಕವನ್ನಲ್ಲ, ಅದರ ಅಭಾವವನ್ನು. ಆದ್ದರಿಂದ ಒಂದೇ ರೇಖೆಯ ಮೇಲೆ ತಂತ್ರಾಂಶಗಳನ್ನು ಸರಳದಿಂದ ನಿಯಂತ್ರಿತದವರೆಗೆ ಸಾಲಾಗಿ ನಿಲ್ಲಿಸುವ ಪ್ರಯತ್ನ ಇಲ್ಲಿಯೇ ಮುರಿದುಬೀಳುತ್ತದೆ.

4. ತೆರೆಯ ಮೇಲಿನ ಪುಟ

ಸಮಾನಾಂತರವಾಗಿ ಇನ್ನೊಂದು ಧಾರೆ ಹರಿಯುತ್ತಿತ್ತು. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೊನ್ಯಿ ಮತ್ತು ಸಂಗಡಿಗರು 1974ರಲ್ಲಿ ರೂಪಿಸಿದ ಬ್ರಾವೊ, ಮುದ್ರಿತ ಪುಟವನ್ನು ಹೋಲುವ ಚಿತ್ರವನ್ನು ತೆರೆಯ ಮೇಲೆ ತೋರಿಸಿತು. ಆದರೂ ಬ್ರಾವೊ ಸುಲಭವಾಗಿರಲಿಲ್ಲ. ಅದರಲ್ಲಿ ಪಠ್ಯ ಬರೆಯುವ ಸ್ಥಿತಿ ಬೇರೆ, ಆದೇಶ ಕೊಡುವ ಸ್ಥಿತಿ ಬೇರೆ. ಆದೇಶದ ಸ್ಥಿತಿಯಲ್ಲಿರುವುದನ್ನು ಮರೆತು ‘ಎಡಿಟ್’ ಎಂಬ ಇಂಗ್ಲಿಷ್ ಪದವನ್ನು ಬೆರಳಚ್ಚಿಸಿದರೆ, ಮೊದಲ ಅಕ್ಷರ ಇಡೀ ದಸ್ತಾವೇಜನ್ನು ಆರಿಸುತ್ತಿತ್ತು, ಎರಡನೆಯದು ಅದನ್ನು ಅಳಿಸುತ್ತಿತ್ತು, ಮೂರನೆಯದು ಸೇರಿಸುವ ಸ್ಥಿತಿಗೆ ಒಯ್ಯುತ್ತಿತ್ತು, ನಾಲ್ಕನೆಯದು ಮಾತ್ರ ಪಠ್ಯವಾಗಿ ಉಳಿಯುತ್ತಿತ್ತು. ಇದನ್ನು ನಿವಾರಿಸಿದ್ದು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅವರು ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಯಾದ ಗಿನ್‌ಗಾಗಿ ಸಿದ್ಧಪಡಿಸಿದ ಜಿಪ್ಸಿ (1975). ಅವರು ಅಲ್ಲಿನ ಸಂಪಾದಕರು ಕಾಗದದ ಮೇಲೆ ಕತ್ತರಿಸಿ ಅಂಟಿಸಿ ಕೆಲಸ ಮಾಡುವ ಬಗೆಯನ್ನು ಗಮನಿಸಿ ಅದಕ್ಕೆ ಹೊಂದುವ ವಿನ್ಯಾಸವನ್ನು ತಂದರು. ಸಿಮೊನ್ಯಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ವರ್ಡ್ ಹೊರಬಂದಿತು. 1985ರಲ್ಲಿ ಪೇಜ್‌ಮೇಕರ್, ಲೇಸರ್‌ರೈಟರ್ ಮುದ್ರಕ ಮತ್ತು ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಒಟ್ಟುಗೂಡಿ ಡಿ.ಟಿ.ಪಿ. ಎಂಬ ಉದ್ಯಮವೇ ಹುಟ್ಟಿಕೊಂಡಿತು.

ಈ ಧಾರೆಯಲ್ಲಿ ರಚನೆಯನ್ನು ಹೆಸರಿಸುವ ಸೌಲಭ್ಯವೇ ಇರಲಿಲ್ಲ ಎನ್ನಲಾಗದು. ವರ್ಡ್‌ನಲ್ಲಿ ಶೈಲಿಗಳ ವ್ಯವಸ್ಥೆ ಬಹಳ ಹಿಂದಿನಿಂದಲೂ ಇದೆ. ಆದರೆ ‘ಶೀರ್ಷಿಕೆ’ ಎಂಬ ಶೈಲಿಯಿಂದ ದಪ್ಪವಾದ ಸಾಲೂ, ಕೈಯಿಂದ ದಪ್ಪಗೊಳಿಸಿದ ಸಾಲೂ ತೆರೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಕಣ್ಣಿಗೆ ಭೇದವೇ ತೋರದಿರುವಾಗ ಹೆಚ್ಚಿನ ಶ್ರಮವನ್ನು ಬೇಡುವ ದಾರಿಯನ್ನು ಯಾರೂ ಹಿಡಿಯುವುದಿಲ್ಲ.

ಮಾರ್ಕುಸ್ ಕ್ನಾಫ್ ಮತ್ತು ಯೆಲಿಕಾ ನೆಯಾಸ್ಮಿಚ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿವಾದದಲ್ಲಿ ಮತ್ತೆಮತ್ತೆ ಉಲ್ಲೇಖಗೊಳ್ಳುತ್ತದೆ. ನಿಗದಿತ ಸಮಯದಲ್ಲಿ ಕೊಟ್ಟ ಪುಟವನ್ನು ಮರುನಿರ್ಮಿಸುವ ಕೆಲಸದಲ್ಲಿ ವರ್ಡ್ ಬಳಸಿದವರು ಹೆಚ್ಚು ಪಠ್ಯವನ್ನು ಕಡಿಮೆ ತಪ್ಪುಗಳೊಂದಿಗೆ ಮುಗಿಸಿದರು. ಸಮೀಕರಣಗಳಿದ್ದ ಪುಟದಲ್ಲಿ ಲಾಟೆಕ್ ಬಳಸಿದವರು ಮುಂದಿದ್ದರು. ಲಾಟೆಕ್ ಬಳಸಿದವರೇ ತಮ್ಮ ಕೆಲಸವನ್ನು ಹೆಚ್ಚು ಆನಂದಿಸಿದುದಾಗಿ ಹೇಳಿಕೊಂಡರು. ಈ ಫಲಿತಾಂಶವನ್ನು ತಳ್ಳಿಹಾಕಲು ನಮಗೆ ಕಾರಣವಿಲ್ಲ. ಆದರೆ ಆ ಪ್ರಯೋಗ ಅಳೆದುದು ಪುಟದ ರೂಪವನ್ನು ಪುನರುತ್ಪಾದಿಸುವ ವೇಗವನ್ನು. ಆ ಪುಟದಲ್ಲಿರುವ ಮಾಹಿತಿಯನ್ನು ಹತ್ತು ವರ್ಷಗಳ ಬಳಿಕ ಇನ್ನೊಬ್ಬ ಸಂಶೋಧಕರು ಹೊರತೆಗೆಯಬಲ್ಲರೆ ಎಂಬ ಪ್ರಶ್ನೆ ಅದರ ವ್ಯಾಪ್ತಿಯಲ್ಲಿರಲಿಲ್ಲ. ಭಾಷಾವಿಜ್ಞಾನಕ್ಕೆ ಆ ಪ್ರಶ್ನೆಯೇ ಮುಖ್ಯ.

5. ಮೂರು ಸಾಲುಗಳ ಉದಾಹರಣೆ

ನಮ್ಮ ಶಿಸ್ತಿನ ಮೂಲಘಟಕವೆನ್ನಬಹುದಾದ ಗ್ಲಾಸ್ ಸಹಿತ ಉದಾಹರಣೆಯನ್ನು ನೋಡೋಣ.

ಹುಡುಗ-ರು ಮನೆ-ಗೆ ಹೋ-ದ-ರು
ಹುಡುಗ-ಬಹು ಮನೆ-ಚತುರ್ಥಿ ಹೋಗು-ಭೂತ-3.ಬಹು
‘ಹುಡುಗರು ಮನೆಗೆ ತೆರಳಿದರು’

ಲೈಪ್‌ಜಿಗ್ ಗ್ಲಾಸ್ ನಿಯಮಗಳು ಹತ್ತು. ಅವುಗಳಲ್ಲಿ ಮೊದಲನೆಯದು ಪದಕ್ಕೆ ಪದ ನೇರವಾಗಿ ಕೆಳಗೆ ಹೊಂದಿರಬೇಕೆನ್ನುತ್ತದೆ. ಎರಡನೆಯದು ಆಕೃತಿಮಾಗಳನ್ನು ಬೇರ್ಪಡಿಸುವ ಅಡ್ಡಗೆರೆಗಳ ಸಂಖ್ಯೆ ಎರಡೂ ಸಾಲುಗಳಲ್ಲಿ ಸಮನಾಗಿರಬೇಕೆನ್ನುತ್ತದೆ. ಅಂದರೆ ಪುಟದ ಮೇಲಿನ ಹೊಂದಾಣಿಕೆ ಅಲಂಕಾರವಲ್ಲ; ‘ಈ ರೂಪಕ್ಕೆ ಈ ವಿಶ್ಲೇಷಣೆ’ ಎಂಬ ಪ್ರತಿಪಾದನೆ.

ವರ್ಡ್‌ನಲ್ಲಿ ಇದನ್ನು ಟ್ಯಾಬ್‌ಗಳಿಂದಲೋ ಗೆರೆಯಿಲ್ಲದ ಕೋಷ್ಟಕದಿಂದಲೋ ಸಾಧಿಸುವುದು ರೂಢಿ. ಹಲವರು ಖಾಲಿಜಾಗದ ಕೀಲಿಯನ್ನೇ ಬೇಕಾದಷ್ಟು ಸಲ ಒತ್ತಿ ಸಾಧಿಸುತ್ತಾರೆ. ಫಾಂಟ್ ಬದಲಾದ ಕೂಡಲೇ ಸಾಲುಗಳು ಜಾರುತ್ತವೆ. ಲಾಟೆಕ್‌ನ ಭಾಷಾವಿಜ್ಞಾನದ ಪೊಟ್ಟಣಗಳಲ್ಲಿ ಲೇಖಕರು ಎರಡು ಸಾಲುಗಳನ್ನು ಪದಗಳ ಅನುಕ್ರಮವಾಗಿ ಬರೆದು ಇವು ಗ್ಲಾಸ್‌ನ ಸಾಲುಗಳೆಂದು ಹೆಸರಿಸುತ್ತಾರೆ. ಹೊಂದಿಸುವ ಹೊಣೆ ತಂತ್ರಾಂಶದ್ದು. ಮೊದಲನೆಯದರಲ್ಲಿ ಪ್ರತಿ ಪದದ ಸ್ಥಾನದ ಮೇಲೆ ಲೇಖಕರ ಕೈಯಿದೆ, ಆದರೆ ವಿಶ್ಲೇಷಣೆಯ ಸಂಬಂಧ ಕಡತದಲ್ಲಿ ಎಲ್ಲಿಯೂ ಇಲ್ಲ. ಎರಡನೆಯದರಲ್ಲಿ ಸ್ಥಾನವನ್ನು ಬಿಟ್ಟುಕೊಟ್ಟ ಲೇಖಕರು ಸಂಬಂಧವನ್ನು ಉಳಿಸಿಕೊಂಡಿದ್ದಾರೆ.

ಈ ಭೇದದ ಪರಿಣಾಮ ಎರಡು ಸಂಗ್ರಹಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ವಿಲಿಯಂ ಲೂಯಿಸ್ ಮತ್ತು ಫೇ ಶಿಯಾ ಅವರು ಬೆಳೆಸಿದ ಓಡಿನ್ ಸಂಗ್ರಹವು ಅಂತರಜಾಲದಲ್ಲಿ ದೊರೆಯುವ ಪಿ.ಡಿ.ಎಫ್. ಲೇಖನಗಳಿಂದ ಗ್ಲಾಸ್ ಸಹಿತ ಉದಾಹರಣೆಗಳನ್ನು ಹೆಕ್ಕಿತು. ಪಿ.ಡಿ.ಎಫ್.ನಲ್ಲಿ ಉಳಿದಿರುವುದು ರೂಪ ಮಾತ್ರ. ಅದನ್ನು ಪಠ್ಯವಾಗಿ ಪರಿವರ್ತಿಸುವಾಗ ಸಾಲುಗಳು ಮುರಿದವು, ಅಂತರಗಳು ಕಳೆದವು. ಯಾವ ಗ್ಲಾಸ್ ಯಾವ ಪದಕ್ಕೆ ಸೇರಿದ್ದೆಂಬುದನ್ನು ಮತ್ತೆ ಊಹಿಸಬೇಕಾಯಿತು. 2014ರಿಂದ ಪುಸ್ತಕಗಳನ್ನು ಪ್ರಕಟಿಸುತ್ತಿರುವ ಬರ್ಲಿನ್‌ನ ಲ್ಯಾಂಗ್ವೇಜ್ ಸೈನ್ಸ್ ಪ್ರೆಸ್ ತನ್ನ ಗ್ರಂಥಗಳ ಲಾಟೆಕ್ ಮೂಲಕಡತಗಳನ್ನೂ ಸಾರ್ವಜನಿಕವಾಗಿ ಇಡುತ್ತದೆ. ಸೆಬಾಸ್ಟಿಯನ್ ನಾರ್ಡ್‌ಹಾಫ್ ಮತ್ತು ಥಾಮಸ್ ಕ್ರೇಮರ್ ಅವರು 2022ರಲ್ಲಿ ವಿವರಿಸಿದ ಐ.ಎಂ.ಟಿ. ವಾಲ್ಟ್ ಎಂಬ ಸಂಗ್ರಹ ಇಂಥ ಮೂಲಕಡತಗಳಿಂದ ಉದಾಹರಣೆಗಳನ್ನು ಪಡೆಯಿತು. ಇಲ್ಲಿ ಸಾಲುಗಳ ಹೆಸರು ಮೊದಲೇ ಬರೆದಿಟ್ಟಿದ್ದರಿಂದ ಅವನ್ನು ಊಹಿಸುವ ಅಗತ್ಯ ಬೀಳಲಿಲ್ಲ. ಆ ಲೇಖಕರಲ್ಲಿ ಬಹುಪಾಲು ಮಂದಿ ಸಂಗ್ರಹವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲ; ಸಾಲುಗಳು ಪುಟದ ಮೇಲೆ ಹೊಂದಿ ನಿಲ್ಲಲಿ ಎಂದಷ್ಟೇ ಅವರ ಬಯಕೆಯಾಗಿದ್ದಿರಬೇಕು. ದಾಖಲೆ ಅದರ ಉಪಫಲವಾಗಿ ಉಳಿಯಿತು.

ಧ್ವನಿಲಿಪಿಯ ವಿಷಯದಲ್ಲೂ ಇದೇ ಮಾದರಿ ಕಾಣುತ್ತದೆ. ಯುನಿಕೋಡ್ ವ್ಯಾಪಕವಾಗುವ ಮೊದಲು ಅಂತಾರಾಷ್ಟ್ರೀಯ ಧ್ವನಿವರ್ಣಮಾಲೆಗಾಗಿ ಬಳಕೆಯಲ್ಲಿದ್ದ ಫಾಂಟ್‌ಗಳು ಸಾಮಾನ್ಯ ಸಂಕೇತಸ್ಥಾನಗಳಲ್ಲೇ ಧ್ವನಿಚಿಹ್ನೆಗಳ ಚಿತ್ರವನ್ನು ಕೂರಿಸುತ್ತಿದ್ದವು. ಫಾಂಟ್ ತಪ್ಪಿದರೆ ಪ್ರತಿಲೇಖನವೆಲ್ಲ ಅರ್ಥವಿಲ್ಲದ ಅಕ್ಷರಗಳಾಗುತ್ತಿತ್ತು. ಅದೇ ಕಾಲದಲ್ಲಿ ಫುಕುಯಿ ರೇ ಅವರು ಲಾಟೆಕ್‌ಗಾಗಿ ಸಿದ್ಧಪಡಿಸಿದ ಟಿಪಾದಲ್ಲಿ ಚಿಹ್ನೆಗಳನ್ನು ಹೆಸರಿನಿಂದ ಕರೆಯಬಹುದಿತ್ತು. ಅದರ ಬಳಕೆ ತೊಡಕಿನದಾಗಿದ್ದರೂ ಹೆಸರು ಕಡತದಲ್ಲಿ ಉಳಿಯುತ್ತಿತ್ತು.

6. ಕನ್ನಡದ ಪ್ರಸಂಗ: ಕಣ್ಣಿಗೆ ಸರಿ, ಕಡತಕ್ಕೆ ಬೇರೆ

ಸಂಕೇತದ ತೀರ್ಮಾನ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ಕನ್ನಡದ ಅನುಭವ ತೋರಿಸುತ್ತದೆ. ಭಾರತೀಯ ಲಿಪಿಗಳಿಗೆ ಉಚ್ಚಾರಣೆಯ ಕ್ರಮವನ್ನು ಅನುಸರಿಸುವ ಇಸ್ಕಿ ಮಾನಕ 1991ರ ಹೊತ್ತಿಗೆ ಸಿದ್ಧವಾಗಿತ್ತು. ಅದೇ ವರ್ಷದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಬಳಕೆಯಲ್ಲಿ ಗೆದ್ದದ್ದು ಅಕ್ಷರಗಳ ಚಿತ್ರಖಂಡಗಳನ್ನು ಲ್ಯಾಟಿನ್ ಸಂಕೇತಸ್ಥಾನಗಳಲ್ಲಿ ಕೂರಿಸಿದ ಫಾಂಟ್‌ಗಳು. ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಕನ್ನಡ ತಿಳಿಯದಿದ್ದರೂ ಈ ಫಾಂಟ್‌ಗಳು ಅವುಗಳಲ್ಲಿ ತಕ್ಷಣ ಕೆಲಸ ಮಾಡುತ್ತಿದ್ದವು. 1998ರಲ್ಲಿ ಬಂದ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದವು ಸಾವಿರಾರು ಜನರ ಕೈಗೆ ಕನ್ನಡ ಬರೆಯುವ ಶಕ್ತಿಯನ್ನು ಕೊಟ್ಟವು. ಈ ಉಪಕಾರವನ್ನು ಕಡೆಗಣಿಸುವುದು ಅನ್ಯಾಯ. ನಮ್ಮ ಪರಿಶೀಲನೆಗೆ ವಿಷಯವಾಗಿರುವುದು ಅವುಗಳ ಯುನಿಕೋಡ್-ಪೂರ್ವ ಸಂಕೇತಕ್ರಮ ಮಾತ್ರ.

ನುಡಿ ಮಾದರಿಯ ಸಂಕೇತದಲ್ಲಿ ‘ಕ’ ಒಂದು ಘಟಕವಲ್ಲ. ತಲೆಕಟ್ಟಿಲ್ಲದ ಒಡಲಿಗೆ ಒಂದು ಸಂಕೇತ, ತಲೆಕಟ್ಟಿಗೆ ಇನ್ನೊಂದು. ‘ಕಿ’ ಮಾತ್ರ ಇವೆರಡನ್ನೂ ಬಳಸದೆ ಪ್ರತ್ಯೇಕವಾದ ಒಂದೇ ಸಂಕೇತವನ್ನು ಪಡೆದಿದೆ. ಹೀಗಾಗಿ ‘ಹಾಕು’ ಮತ್ತು ‘ಹಾಕಿ’ ಎಂಬ ರೂಪಗಳು ಒಂದೇ ಧಾತುವಿನವಾಗಿದ್ದರೂ ಧಾತುವಿನ ಕೊನೆಯ ವ್ಯಂಜನಕ್ಕೆ ಕಡತದಲ್ಲಿ ಸಮಾನವಾದ ಗುರುತು ಇಲ್ಲ. ‘ಮ’ ಎಂಬುದು ‘ವ’ದ ಒಡಲು, ತಲೆಕಟ್ಟು ಮತ್ತು ಕೊಂಬು ಎಂಬ ಮೂರು ಖಂಡಗಳ ಸರಣಿ, ಆದ್ದರಿಂದ ‘ವ’ವನ್ನು ಹುಡುಕಿದರೆ ‘ಮ’ಗಳೆಲ್ಲವೂ ಸಿಕ್ಕಿಬೀಳುತ್ತವೆ. ‘ಧರ್ಮ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ಮ’ದ ನಂತರ ಶೇಖರವಾಗುತ್ತದೆ, ಯುನಿಕೋಡ್‌ನಲ್ಲಿ ರೇಫ ಉಚ್ಚಾರಣೆಯ ಕ್ರಮದಂತೆ ಮುಂಚೆ ಬರುತ್ತದೆ. ಅಕಾರಾದಿ ವಿಂಗಡಣೆ, ಪದಾವೃತ್ತಿಯ ಎಣಿಕೆ, ಪ್ರತ್ಯಯಗಳ ಹುಡುಕಾಟ ಇವು ಯಾವುವೂ ಇಂಥ ಕಡತದ ಮೇಲೆ ನೇರವಾಗಿ ಸಾಧ್ಯವಿಲ್ಲ. ಪರಿವರ್ತಕಗಳು ಇವೆ, ಉಪಯುಕ್ತವೂ ಹೌದು. ಆದರೆ ಪಠ್ಯದ ಯಾವ ಭಾಗಕ್ಕೆ ಯಾವ ಫಾಂಟ್ ಎಂಬ ಮಾಹಿತಿ ಕಳೆದುಹೋಗಿದ್ದರೆ, ಕನ್ನಡ, ಇಂಗ್ಲಿಷ್, ಧ್ವನಿಲಿಪಿ ಬೆರೆತ ಭಾಷಾವಿಜ್ಞಾನದ ಪ್ರಬಂಧದಲ್ಲಿ ಅವು ಎಡವುತ್ತವೆ.

ಈ ಅವಧಿಯಲ್ಲಿ ಟೆಕ್ ಪರಂಪರೆಯೂ ಕನ್ನಡಕ್ಕೆ ಸುಲಭದ ಉತ್ತರವನ್ನು ಕೊಟ್ಟಿರಲಿಲ್ಲ. ಅದರ ಫಾಂಟ್‌ಗಳ ಮಿತಿ 256 ಸ್ಥಾನಗಳು. ದೇವನಾಗರಿಗೆ ಫ್ರಾನ್ಸ್ ವೆಲ್ಟ್‌ಹುಯಿಸ್ ಮಾಡಿದಂತೆ ರೋಮನ್ ಲಿಪ್ಯಂತರದಲ್ಲಿ ಬರೆದು, ಪೂರ್ವಸಂಸ್ಕಾರಕವೊಂದರ ಮೂಲಕ ಹಾಯಿಸುವುದೇ ದಾರಿಯಾಗಿತ್ತು. ಲಿಪ್ಯಂತರ ಧ್ವನಿಗಳ ಕ್ರಮವನ್ನು ಉಳಿಸುತ್ತಿತ್ತಾದರೂ ತಮ್ಮ ಲಿಪಿಯನ್ನೇ ಕಾಣದೆ ಕನ್ನಡ ಬರೆಯಿರೆಂದು ಲೇಖಕರನ್ನು ಒಪ್ಪಿಸುವುದು ಕಷ್ಟ. ಈ ಗಂಟನ್ನು ಬಿಡಿಸಿದ್ದು 2004ರಲ್ಲಿ ಜೊನಾಥನ್ ಕ್ಯೂ ಬಿಡುಗಡೆ ಮಾಡಿದ ಜೀಟೆಕ್. ಅದು ಯುನಿಕೋಡ್ ಪಠ್ಯವನ್ನು ನೇರವಾಗಿ ಸ್ವೀಕರಿಸಿ, ಒತ್ತಕ್ಷರಗಳನ್ನು ರೂಪಿಸುವ ಕೆಲಸವನ್ನು ಫಾಂಟ್ ಮತ್ತು ಲಿಪಿರೂಪಣೆಯ ಯಂತ್ರಾಂಗಕ್ಕೆ ಒಪ್ಪಿಸಿತು. ಕ್ಯೂ ಆಗ ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನ ಮತ್ತು ಪ್ರಕಟಣೆಯಲ್ಲಿ ತೊಡಗಿರುವ ಎಸ್.ಐ.ಎಲ್. ಸಂಸ್ಥೆಯಲ್ಲಿದ್ದರು ಎಂಬುದು ಆಕಸ್ಮಿಕವಲ್ಲ. ಇಲ್ಲಿಯೂ ಲೇಖಕರು ಒಂದು ನಿಯಂತ್ರಣವನ್ನು, ಅಂದರೆ ಅಕ್ಷರಖಂಡಗಳನ್ನು ತಾವೇ ಜೋಡಿಸುವ ಅಧಿಕಾರವನ್ನು, ಬಿಟ್ಟುಕೊಟ್ಟರು. ಹುಡುಕಬಲ್ಲ, ವಿಂಗಡಿಸಬಲ್ಲ ಪಠ್ಯವನ್ನು ಪಡೆದರು.

7. ಉಪಸಂಹಾರ

ಇಲ್ಲಿ ಪರಿಶೀಲಿಸಿದ ಪ್ರಸಂಗಗಳಲ್ಲಿ ಸರಳತೆ ಎರಡು ಬಗೆಯದಾಗಿ ಕಂಡುಬರುತ್ತದೆ. ಇಕ್ಯೂಎನ್, ಸ್ಕ್ರೈಬ್, ಲಾಟೆಕ್, ಜೀಟೆಕ್‌ಗಳ ಸರಳತೆ ರೂಪದ ತೀರ್ಮಾನಗಳನ್ನು ಬೇರೆಡೆಗೆ ಒಪ್ಪಿಸಿ ರಚನೆಯನ್ನೋ ಸಂಕೇತವನ್ನೋ ಉಳಿಸಿಕೊಂಡಿತು. ಟ್ಯಾಬ್‌ಗಳ ಗ್ಲಾಸ್ ಮತ್ತು ಚಿತ್ರಖಂಡಗಳ ಫಾಂಟ್ ರೂಪವನ್ನು ಲೇಖಕರ ಕೈಯಲ್ಲಿರಿಸಿ ಉಳಿದೆರಡನ್ನು ದಾಖಲಿಸದೆ ಬಿಟ್ಟವು. ಈ ಭೇದ ತಂತ್ರಾಂಶಗಳ ಹೆಸರಿಗೆ ಅಂಟಿಕೊಂಡದ್ದಲ್ಲ. ಶೈಲಿಗಳನ್ನು ಶಿಸ್ತಿನಿಂದ ಬಳಸಿದ ಯುನಿಕೋಡ್ ವರ್ಡ್ ಕಡತ, ಕೈಯಿಂದ ಅಂತರ ಹಾಕಿದ ಲಾಟೆಕ್ ಕಡತಕ್ಕಿಂತ ಉತ್ತಮ ದಾಖಲೆಯಾಗಬಲ್ಲದು. 1995ರಲ್ಲಿ ಮಥಿಯಾಸ್ ಎಟ್ರಿಷ್ ಆರಂಭಿಸಿದ ಲಿಕ್ಸ್, ಹೆಸರಿಸಿದ ರಚನೆಯನ್ನು ತೆರೆಯ ಮೇಲೆಯೇ ತೋರಿಸಿ ಎರಡು ಧಾರೆಗಳನ್ನೂ ಕೂಡಿಸಲು ಯತ್ನಿಸಿದೆ.

ಕಲಿಕೆಯ ಹೊರೆ ನಿಜವಾದುದು. ಪ್ರಬಂಧ ಸಲ್ಲಿಕೆಯ ಗಡುವು ಹತ್ತಿರವಿರುವ ವಿದ್ಯಾರ್ಥಿಗೆ ಹೊಸ ಆದೇಶಭಾಷೆಯನ್ನು ಕಲಿಯಿರೆನ್ನುವುದು ಹಗುರವಾದ ಸಲಹೆಯಲ್ಲ. ಹಸ್ತಪ್ರತಿಯನ್ನು ಡಿ.ಟಿ.ಪಿ. ಕೇಂದ್ರಕ್ಕೆ ಕೊಟ್ಟು ಮುದ್ರಿತ ಪ್ರತಿಯನ್ನಷ್ಟೇ ಪಡೆಯುವವರಿಗಂತೂ ಈ ಆಯ್ಕೆ ಎದುರಾಗುವುದೇ ಇಲ್ಲ. ಕಡತ ಅಲ್ಲಿಯೇ ಉಳಿದು, ಮುಂದೆ ಅಳಿದೂ ಹೋಗಬಹುದು. ಆದ್ದರಿಂದ ಹೊಣೆಯನ್ನು ವಿದ್ಯಾರ್ಥಿಯೊಬ್ಬರ ಮೇಲೆ ಹೊರಿಸುವುದು ಸರಿಯಲ್ಲ. ವಿಭಾಗಗಳೂ ಪತ್ರಿಕೆಗಳೂ ಮುದ್ರಿತ ಪ್ರತಿಯ ಜೊತೆಗೆ ಯುನಿಕೋಡ್‌ನಲ್ಲಿರುವ ಮೂಲಕಡತವನ್ನು, ಗ್ಲಾಸ್‌ನ ಸಾಲುಗಳು ಹೆಸರಿಸಲ್ಪಟ್ಟ ಸ್ಥಿತಿಯಲ್ಲಿ, ಯಾವ ತಂತ್ರಾಂಶದಲ್ಲಿದ್ದರೂ ಸ್ವೀಕರಿಸಿ ಕಾಪಿಡುವ ನಿಯಮವನ್ನು ಮಾಡಿಕೊಳ್ಳಬಹುದು. ಉಪಭಾಷೆಗಳ ಕ್ಷೇತ್ರಕಾರ್ಯದಿಂದ ಬಂದ ಪ್ರಬಂಧಗಳ ವಿಷಯದಲ್ಲಿ ಇದು ತುರ್ತಿನ ಕೆಲಸ. ಅವುಗಳಲ್ಲಿ ದಾಖಲಾದ ಮಾತನ್ನು ಆಡಿದವರನ್ನು ಮತ್ತೆ ಹುಡುಕಿ ಕೇಳುವ ಅವಕಾಶ ಎಲ್ಲ ಸಂದರ್ಭಗಳಲ್ಲೂ ಉಳಿದಿರುವುದಿಲ್ಲ.